ಹತ್ತು ಅರ್ಜಿ, ಒಬ್ಬನೇ ಭಟ್ಟ

ಸ್ಟ್ಯಾಟಿಸ್ಟಿಕ್ಸ್ ಓದುವವರು ಊರಿನವರ ಎಲ್ಲ ವಿಷಯಕ್ಕೂ ಲೆಕ್ಕ ಹಾಕುತ್ತಾರೆ. ತಮ್ಮ ಸೀಟಿನ ವಿಷಯ ಬಂದಾಗ ಮಾತ್ರ ಹರಕೆ ಹೊರುತ್ತಾರೆ. ನಮ್ಮ ಭಟ್ಟ ಎರಡನ್ನೂ ಮಾಡಿದ್ದ.

ಉಡುಪಿ ರಥಬೀದಿ ಹತ್ತಿರದ ಹೋಟೆಲಿನಲ್ಲಿ ಗೋಳಿಬಜೆ ಬರುವ ಮೊದಲೇ ಪಟ್ಟಿ ಬಿಚ್ಚಿದ. ಅಮೆರಿಕದ ಹತ್ತು ಯೂನಿವರ್ಸಿಟಿ. ಹತ್ತೂ ಸ್ಟ್ಯಾಟಿಸ್ಟಿಕ್ಸ್ ಪಿಎಚ್‌ಡಿಗೆ.

"ಒಂದೊಂದು ಕಡೆ ಸಿಗುವ ಚಾನ್ಸ್ ಶೇಕಡಾ 10 ಅಂತ ಇಟ್ಟುಕೊಳ್ಳುವ. ಸಿಗದೇ ಇರುವುದು 0.9. ಅದನ್ನು ಹತ್ತು ಸಲ ಗುಣಿಸಿದರೆ 0.35. ಅಂದ್ರೆ ಒಂದಾದ್ರೂ ಸಿಗುವ ಚಾನ್ಸ್ ಶೇಕಡಾ 65!"

"ಹಾಗಾದ್ರೆ ಇಪ್ಪತ್ತು ಕಡೆ ಹಾಕು ಮಾರಾಯ, 88 ಆಗ್ತದೆ" ಅಂದ ಪೈ.

"ಫೀಸು ನಿನ್ನ ಅಂಗಡಿಯಿಂದ ಕೊಡ್ತೀಯಾ? ಒಂದೊಂದಕ್ಕೆ ನೂರು ಡಾಲರ್ ಹತ್ತಿರ ಉಂಟು."

ಪೈ ಚಟ್ನಿ ಕಡೆ ತಿರುಗಿದ.

ಶೆಟ್ಟಿ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಇನ್ಶೂರೆನ್ಸ್‌ನಲ್ಲಿ ಕೆಲಸ, ಹಾಗಾಗಿ ಯಾರಾದರೂ ಖುಷಿಯಲ್ಲಿದ್ದರೆ ಅವನಿಗೆ ಅನುಮಾನ. "ಹಾಗೆ ಗುಣಿಸಬೇಕಾದ್ರೆ ಹತ್ತೂ ಒಂದಕ್ಕೊಂದು ಸಂಬಂಧ ಇಲ್ಲದವು ಆಗಬೇಕಲ್ವಾ? ನಿನ್ನದು ಹತ್ತು ಕಡೆಗೂ ಒಂದೇ ಮಾರ್ಕ್ಸ್ ಕಾರ್ಡು, ಯಾಕೆ ಓದಬೇಕು ಅಂತ ಬರೆಯುವ ಎಸ್‌ಒಪಿ ಒಂದೇ, ಶಿಫಾರಸಿಗೆ ಅದೇ ಮೂವರ ಲೆಟರ್. ಮಲ್ಪೆಯಿಂದ ಹತ್ತು ಬೋಟು ಒಂದೇ ಹೊತ್ತಿಗೆ ಹೊರಟು ತೂಫಾನು ಬಂದ್ರೆ ಹತ್ತೂ ಖಾಲಿ ವಾಪಸ್. ಒಂದಾದ್ರೂ ಬಂಗುಡೆ ತರ್ತದೆ ಅಂತ ಮಸಾಲೆ ಅರೆದು ಕೂತ್ಕೊಳ್ತಾರಾ?"

ಭಟ್ಟನ 65 ಅಲ್ಲೇ ಇಳಿಯಿತು. ಎಷ್ಟಕ್ಕೆ ಅಂತ ಯಾರೂ ಕೇಳಲಿಲ್ಲ.

ಎಸ್‌ಒಪಿ ನೋಡುವ ಅಂದೆ. ಮೊದಲ ಸಾಲು: ಚಿಕ್ಕಂದಿನಿಂದಲೂ ನನಗೆ ಅಂಕಿಗಳೆಂದರೆ ಪಂಚಪ್ರಾಣ.

"ಏಳನೇ ಕ್ಲಾಸಿನ ಗಣಿತ ಪರೀಕ್ಷೆಗೆ ಹೊಟ್ಟೆನೋವು ಅಂತ ಮಲಗಿದ್ದು ಯಾರು?"

"ಅದು ನಿಜವಾದ ಹೊಟ್ಟೆನೋವು!"

ಆ ಸಾಲಿನ ಮೇಲೆ ಪೈ ಗೋಳಿಬಜೆಯ ಎಣ್ಣೆಕೈ ಇಟ್ಟ. ಬೇಕಂತಲೇ ಇಟ್ಟದ್ದೋ ಏನೋ, ಆ ಪುಟಕ್ಕೆ ಆದ ಒಂದೇ ಉಪಕಾರ ಅದು. ಅಲ್ಲಿ ಓದಲು ಕೂತ ಪ್ರೊಫೆಸರಿಗೆ ಇವನ ಬಾಲ್ಯ ಕಟ್ಟಿಕೊಂಡು ಏನಾಗಬೇಕು? ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜೀಬ್ರಾದಲ್ಲಿ ಎಷ್ಟು ಬಂದಿದೆ, ಸ್ವಂತವಾಗಿ ಯಾವುದಾದರೂ ಡೇಟಾದ ಜೊತೆ ಗುದ್ದಾಡಿದ್ದಾನಾ, ಅದು ಬೇಕು.

ಲೆಟರಿನ ಕಥೆ ಇದಕ್ಕಿಂತ ಚಂದ. ಒಬ್ಬ ಸರ್, "ನೀನೇ ಬರೆದು ತಾ, ಸೈನ್ ಹಾಕ್ತೇನೆ" ಅಂದರಂತೆ. ಎರಡನೆಯವರೂ ಹಾಗೇ. ಮೂರನೆಯವರು ತಾವೇ ಬರೆದರು: ಹುಡುಗ ವಿಧೇಯ, ಹಾಜರಾತಿ ಉತ್ತಮ.

"ಅಂದ್ರೆ ಎರಡು ಲೆಟರ್ ಭಟ್ಟ ಭಟ್ಟನ ಬಗ್ಗೆ ಬರೆದದ್ದು," ಅಂದ ಶೆಟ್ಟಿ. "ಸ್ಯಾಂಪಲ್ ಸೈಜ್ ಒಂದು. ಅದೂ ಬಯಾಸ್ಡ್. ಮಣಿಪಾಲದಲ್ಲಿ ಆಸ್ಪತ್ರೆ ಡೇಟಾದ ಪ್ರಾಜೆಕ್ಟ್ ಮಾಡಿಸಿದ ಮೇಡಂ ಇದ್ದಾರಲ್ಲ, ಅವರನ್ನು ಕೇಳು."

"ಅವರು ನನ್ನ ಕೋಡಲ್ಲಿ ತಪ್ಪು ಹುಡುಕಿ ಹುಡುಕಿ ಬೈದಿದ್ದಾರೆ."

"ಅದಕ್ಕೇ ಕೇಳು. ನಿನ್ನ ಕೋಡ್ ಓದಿದವರು ಅವರೊಬ್ಬರೇ."

ದುಡ್ಡಿನ ಮಾತು ಬಂದಾಗ ಪೈಗೆ ಮತ್ತೆ ಜೀವ ಬಂತು. ಅಲ್ಲಿ ಎಂಎಸ್ ಅನ್ನುವ ಮಾಸ್ಟರ್ಸ್ ಡಿಗ್ರಿಗೆ ಹೆಚ್ಚಾಗಿ ನಾವೇ ದುಡ್ಡು ಕಟ್ಟಬೇಕು. ಪಿಎಚ್‌ಡಿಗೆ ಸೇರಿದರೆ ಸಾಮಾನ್ಯವಾಗಿ ಫೀಸು ಮಾಫಿ, ಮಕ್ಕಳಿಗೆ ಪಾಠ ಹೇಳಿದ್ದಕ್ಕೆ ತಿಂಗಳು ತಿಂಗಳು ದುಡ್ಡು.

"ಎರಡು ವರ್ಷ ಓದಿದ್ರೆ ನಾವು ಕೊಡಬೇಕು, ಐದು ವರ್ಷ ಓದಿದ್ರೆ ಅವರು ಕೊಡ್ತಾರಾ? ಇದು ಎಂತ ವ್ಯಾಪಾರ!"

"ಕೊಲ್ಕತ್ತಾದ ಐಎಸ್‌ಐ, ಅಂದ್ರೆ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ, ಎಂಸ್ಟ್ಯಾಟ್ ಅನ್ನುವ ಮಾಸ್ಟರ್ಸ್‌ಗೂ ಟ್ಯೂಷನ್ ಫೀಸಿಲ್ಲ, ಮೇಲಿಂದ ಸ್ಟೈಪೆಂಡ್" ಅಂದೆ. "ಪರೀಕ್ಷೆ ಮಾತ್ರ ಬೆವರಿಳಿಸ್ತದೆ."

ಆಗ ಶೆಟ್ಟಿ ದೊಡ್ಡ ಸ್ಟ್ಯಾಟಿಸ್ಟಿಷಿಯನ್ ಸಿ.ಆರ್. ರಾವ್ ಅವರ ಕಥೆ ತೆಗೆದ. ನಮ್ಮ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದವರು. ಮಿಲಿಟರಿ ಸರ್ವೆ ಕೆಲಸ ಕೇಳಿಕೊಂಡು ಕಲ್ಕತ್ತಾಗೆ ಹೋದರು, ಸಿಗಲಿಲ್ಲ. ಅಲ್ಲಿ ಪರಿಚಯವಾದ ಒಬ್ಬರಿಂದ ಐಎಸ್‌ಐ ಬಗ್ಗೆ ತಿಳಿಯಿತು. 1941ರಲ್ಲಿ ಸೇರಿದರು. 1945ರಲ್ಲಿ ಬರೆದ ಪೇಪರ್ ಇವತ್ತಿಗೂ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನಲ್ಲಿ ಬರುತ್ತದೆ. 2023ರಲ್ಲಿ ಇಂಟರ್‌ನ್ಯಾಷನಲ್ ಪ್ರೈಜ್ ಇನ್ ಸ್ಟ್ಯಾಟಿಸ್ಟಿಕ್ಸ್ ಬಂದಾಗ ಅವರಿಗೆ 102 ವರ್ಷ.

"ಅಷ್ಟು ವರ್ಷ ಕಾಯ್ಲಿಕ್ಕೆ ನನ್ನ ಅಮ್ಮ ಬಿಡುವುದಿಲ್ಲ. ಮುಂದಿನ ವರ್ಷ ಹೆಣ್ಣು ನೋಡ್ತಾಳಂತೆ."

ಕೊನೆಗೆ ಪಟ್ಟಿಗೆ ಕತ್ತರಿ ಬಿತ್ತು. ನಾಲ್ಕು ಪಿಎಚ್‌ಡಿ, ಆಸ್ಪತ್ರೆ, ರೋಗದ ಡೇಟಾ ಓದುವ ಒಂದೆರಡು ಬಯೋಸ್ಟ್ಯಾಟಿಸ್ಟಿಕ್ಸ್, ಜೊತೆಗೆ ಐಎಸ್‌ಐ. ಡಿಸೆಂಬರಿನಲ್ಲಿ ಕಳಿಸುವುದು, ಆಮೇಲೆ ಇಮೇಲ್ ನೋಡುತ್ತಾ ಕೂರುವುದು. ದುಡ್ಡು ಕೊಡುವ ಆಫರ್ ಬಂದರೆ, ಹೆಚ್ಚಿನ ಕಡೆ ಏಪ್ರಿಲ್ 15ರವರೆಗೆ ಹೂಂ ಅನ್ನಲು ಟೈಮ್ ಇರುತ್ತದೆ.

"ನಮ್ಮ ಬಿಸು ಹಬ್ಬದ ಹೊತ್ತಿಗೆ!" ಅಂದ ಭಟ್ಟ. ಮುಖ ಅರಳಿತು. "ಅಮ್ಮನಿಗೆ ಹೇಳಿ ಕಣಿ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಡಿಸ್ತೇನೆ."

"ಇಡು," ಅಂದ ಶೆಟ್ಟಿ. "ಮೊದಲು ಮೇಡಂಗೆ ಫೋನ್ ಮಾಡು."