ಮಳೆಗಾಲದ ಉಬ್ಬಸ: ಮಕ್ಕಳಿಗೆ ನೀವು ಏನು ಮಾಡ್ತೀರಿ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪ್ರಶ್ನೆ: ಮಗಳಿಗೆ 6 ವರ್ಷ. ಜೂನ್ ಬಂತೆಂದರೆ ರಾತ್ರಿ ಕೆಮ್ಮು, ಎದೆಯಲ್ಲಿ ಸುಂಯ್ ಸುಂಯ್. ಆಸ್ತಮಾ ಅಂತ ಡಾಕ್ಟರು ಎರಡು ಇನ್‌ಹೇಲರ್ ಬರೆದಿದ್ದಾರೆ. ಒಂದು ದಿನಾ ಬೇಕಂತೆ. ಅಭ್ಯಾಸವಾಗಿಬಿಟ್ಟರೆ ಅಂತ ಅತ್ತೆಯವರಿಗೆ ಹೆದರಿಕೆ. ನಿಮ್ಮ ಅನುಭವ ಹೇಳಿ.

ಪೆರ್ಲದಿಂದ ಉತ್ತರ: ಅಕ್ಕ, ಚಟ ಹಿಡಿಸುವ ಔಷಧ ಅದಲ್ಲ. ನಮ್ಮ ಮಗನಿಗೆ ದಿನಾ ಕೊಡುವುದು ಬುಡೆಸೊನೈಡ್. ಉಸಿರಿನ ಕೊಳವೆಯ ಒಳಗಿನ ಬಾವು ಇಳಿಸುವುದು ಅದರ ಕೆಲಸ. ಒಂದೇ ದಿನದಲ್ಲಿ ಗುಣ ಕಾಣುವುದಿಲ್ಲ. ಸ್ಟೀರಾಯ್ಡ್ ಹೌದು, ಆದರೆ ಮೈಕ್ರೊಗ್ರಾಂ ಲೆಕ್ಕದ್ದು, ನೇರ ಎದೆಗೇ ಹೋಗುತ್ತದೆ. ಕೊಟ್ಟ ಮೇಲೆ ಬಾಯಿ ಮುಕ್ಕಳಿಸಿ ಉಗುಳಲಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಹುಣ್ಣು ಬರಬಹುದು. ಇನ್ನೊಂದು, ಸಾಲ್ಬುಟಮಾಲ್, ಬಿಗಿದ ಕೊಳವೆಯನ್ನು ಕೆಲವೇ ನಿಮಿಷದಲ್ಲಿ ಸಡಿಲಿಸುತ್ತದೆ. ಬಾವು ಮಾತ್ರ ಹಾಗೇ ಇರುತ್ತದೆ. ಕೆಮ್ಮು ನಿಂತಿತು ಅಂತ ದಿನದ್ದನ್ನು ನಿಲ್ಲಿಸಬೇಡಿ. ಕಡಿಮೆ ಮಾಡುವುದು ಡಾಕ್ಟರ ಲೆಕ್ಕ.

ಆಮೇಲೆ ಬಚ್ಚಲೊಲೆ! ನಮ್ಮ ಕಡೆ ಮಳೆಗಾಲದಲ್ಲಿ ಒದ್ದೆ ಮಡಲು (ತೆಂಗಿನ ಗರಿ), ಅಡಿಕೆ ಸಿಪ್ಪೆ ತುರುಕಿ ನೀರು ಕಾಯಿಸುತ್ತೇವಲ್ವಾ, ಆ ಹೊಗೆ ಮಗು ಮಲಗುವ ಕೋಣೆಗೇ ಬರುತ್ತದೆ. ನಾವು ಒಣ ಸೌದೆಯನ್ನು ಬೇಸಿಗೆಯಲ್ಲೇ ಎತ್ತಿಡುತ್ತೇವೆ. ಸೊಳ್ಳೆ ಬತ್ತಿ ಬಿಟ್ಟು ಪರದೆ ಕಟ್ಟಿದೆವು. ಗೋಡೆಯ ಬೂಷ್ಟು ಒರೆಸುವಾಗ ಮಗನನ್ನು ಆಚೆ ಕಳಿಸುತ್ತೇನೆ.

ಮುಳ್ಳೇರಿಯ: ಸ್ಪೇಸರ್ (ಇನ್‌ಹೇಲರಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಇಲ್ಲದೆ ಕೊಡಬೇಡಿ, ಹೆಚ್ಚಿನ ಔಷಧ ಬಾಯಿ, ಗಂಟಲಲ್ಲೇ ಉಳಿಯುತ್ತದೆ. ಚೆನ್ನಾಗಿ ಕುಲುಕಿ, ಒಂದು ಸಲಕ್ಕೆ ಒಂದೇ ಪಫ್, ನಿಧಾನಕ್ಕೆ ಐದಾರು ಉಸಿರು. ಎರಡನೆಯದಕ್ಕೆ ಮತ್ತೆ ಕುಲುಕಬೇಕು. ಸ್ಪೇಸರನ್ನು ಸೋಪು ನೀರಲ್ಲಿ ತೊಳೆದು ಹಾಗೇ ಆರಲು ಬಿಡಿ. ಬಟ್ಟೆಯಲ್ಲಿ ಉಜ್ಜಿದರೆ ಔಷಧ ಪ್ಲಾಸ್ಟಿಕ್ಕಿಗೇ ಅಂಟಿಕೊಳ್ಳುತ್ತದೆ.

ಕುಂಬಳೆ: ನಾನು ನರ್ಸ್. ಬಿಸಿನೀರಿನ ಹಬೆ ಕೊಡಿಸಬೇಡಿ, ಉಬ್ಬಸಕ್ಕೆ ಅದರಿಂದ ಉಪಯೋಗವಿಲ್ಲ, ಮಕ್ಕಳು ಸುಟ್ಟುಕೊಳ್ಳುವುದೇ ಜಾಸ್ತಿ. ಉಸಿರೆಳೆಯುವಾಗ ಪಕ್ಕೆಲುಬಿನ ನಡುವೆ ಗುಳಿ ಬಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ ಕಾಯಬೇಡಿ. ಸಾಲ್ಬುಟಮಾಲ್ ಕೊಡುತ್ತಲೇ ಹೊರಡಿ. ಮಂಗಳೂರಿನ ಡಾಕ್ಟರೇ ಬೇಕು ಅಂತ ಗಡಿ ದಾಟುವ ಹೊತ್ತಲ್ಲ ಅದು, ಹತ್ತಿರದ ಆಸ್ಪತ್ರೆಗೇ ಹೋಗಿ. ಸುಂಯ್ ಶಬ್ದ ನಿಂತರೂ ಮಗು ಸುಸ್ತಾಗಿದ್ದರೆ ಅದು ಇನ್ನೂ ಅಪಾಯ, ಗಾಳಿಯೇ ಒಳಗೆ ಹೋಗುತ್ತಿಲ್ಲ ಅಂತ ಅರ್ಥ.

ಪೆರ್ಲ: ಶಾಲೆಗೂ ಒಂದು ಸಾಲ್ಬುಟಮಾಲ್ ಇನ್‌ಹೇಲರ್ ಕೊಟ್ಟಿಡಿ ಅಕ್ಕ. ಯಾವಾಗ, ಎಷ್ಟು ಪಫ್ ಅಂತ ಡಾಕ್ಟರ ಹತ್ತಿರ ಬರೆಸಿ. ಕನ್ನಡ, ಮಲಯಾಳ ಎರಡರಲ್ಲೂ ಇರಲಿ, ಆ ದಿನ ತರಗತಿಯಲ್ಲಿ ಯಾವ ಟೀಚರ್ ಇರುತ್ತಾರೋ.