ಹದಿನಾಲ್ಕು ಅಂಶಗಳ ಕಾಫಿ

"ಹನ್ನೊಂದು!" ಎಂದು ಕೆಳಗಿನಿಂದ ಶಾಮು ಕೂಗಿದ.

"ಏನು, ಮೈಲಿಯೇ?" ಎಂದು ಮೇಲಿನಿಂದ ನಾನು ಕೇಳಿದೆ.

"ಗ್ರಾಂ. ಹದಿನೈದಕ್ಕೆ ನಿಲ್ಲಬೇಕು. ನೋಡು, ಈಗ ಇಪ್ಪತ್ತೆರಡು. ಅಯ್ಯೋ, ಮತ್ತೆ ಒಂಬತ್ತು. ದೋಣಿಯನ್ನು ಸ್ವಲ್ಪ ಅಲುಗಾಡದ ಹಾಗೆ ಹಿಡಿಯಬಾರದೇ?"

ಚುಕ್ಕಾಣಿ ನನ್ನ ಕೈಯಲ್ಲಿತ್ತು, ನಿಜ. ಸಮುದ್ರ ನನ್ನ ಕೈಯಲ್ಲಿರಲಿಲ್ಲ. ಹ್ಯಾಂಬಲ್ ನದಿಯ ಬಾಯಿ ದಾಟಿ ಸೋಲೆಂಟ್ ಜಲಸಂಧಿಗೆ ಇಳಿದು ಮುಕ್ಕಾಲು ಗಂಟೆಯಾಗಿತ್ತು. ಎದುರಿಗೆ ನೈಋತ್ಯದ ಗಾಳಿ. ಮೂರ್ತಿಯ ಮೂವತ್ತೆರಡು ಅಡಿಯ ಹಾಯಿದೋಣಿ 'ತುಂಗೆ', ಒಂದೇ ಕಿವಿ ಕೇಳಿಸುವ ಅಜ್ಜ ಮಾತು ಕೇಳಲು ಬಾಗಿದ ಹಾಗೆ ಒಂದು ಪಕ್ಕಕ್ಕೆ ವಾಲಿಕೊಂಡು, ಐಲ್ ಆಫ್ ವೈಟ್ ದ್ವೀಪದ ಕೌಸ್ ಊರಿನ ಕಡೆಗೆ ಹೊರಟಿತ್ತು. ಬೆಳಗಿನ ಹತ್ತು ಗಂಟೆ. ನಾಲ್ವರಲ್ಲಿ ಒಬ್ಬರೂ ಕಾಫಿ ಕುಡಿದಿರಲಿಲ್ಲ. "ದೋಣಿಯಲ್ಲೇ ಕುಡಿಯೋಣ, ಅದರ ಮಜವೇ ಬೇರೆ" ಎಂದು ಮೂರ್ತಿ ಹೇಳಿದ್ದ. ಬೇರೆಯಾಗಿಯೇ ಇತ್ತು.

"ಅಲೆ ಎತ್ತಿದಾಗ ಬೀಜ ಭಾರವಾಗುತ್ತದೆ, ಇಳಿಸಿದಾಗ ಹಗುರವಾಗುತ್ತದೆ" ಎಂದೆ. "ಲಿಫ್ಟಿನಲ್ಲಿ ನಿನ್ನ ಹೊಟ್ಟೆಗೆ ಆಗುವುದೇ ತಕ್ಕಡಿಗೂ ಆಗುತ್ತಿದೆ. ಕಾಫಿಯನ್ನು ಬಿಟ್ಟು ಅಲೆಯನ್ನು ತೂಗುತ್ತಿದ್ದೀಯೆ."

"ನಮ್ಮತ್ತೆ ಕಣ್ಣಳತೆಯಲ್ಲಿ ಮೂವತ್ತು ಜನಕ್ಕೆ ಡಿಕಾಕ್ಷನ್ ಇಳಿಸುತ್ತಿದ್ದರು" ಎಂದರು ಪದ್ದಕ್ಕ, ಮೂಗಿನ ಹತ್ತಿರ ಹಿಡಿದಿದ್ದ ನಿಂಬೆಹಣ್ಣನ್ನು ಸ್ವಲ್ಪ ದೂರ ಸರಿಸಿ. "ಅವರ ಮಗನಿಗೆ ನಾಲ್ಕು ಲೋಟಕ್ಕೆ ತಕ್ಕಡಿ."

"ಆಗ ತೂಗದೆ ಮಾಡುತ್ತಿದ್ದರು, ಒಂದು ದಿನದ ಹಾಗೆ ಇನ್ನೊಂದು ದಿನ ಇರುತ್ತಿರಲಿಲ್ಲ" ಎಂದ ಶಾಮು.

"ಅದಕ್ಕೇ ದಿನಾ ಕುಡಿಯುತ್ತಿದ್ದೆವು."

ನಿವೃತ್ತನಾದ ಮೇಲೆ ಶಾಮುವಿಗೆ ಹಿಡಿದ ಗ್ರಹ ಇದು. ಹದಿನೈದು ಗ್ರಾಂ ಬೀಜ, 250 ಮಿಲಿಲೀಟರ್ ನೀರು, 93 ಡಿಗ್ರಿ ಶಾಖ. ಹಂಸದ ಕೊರಳಿನ ಹಾಗೆ ಬಳುಕಿದ ಮೂತಿಯ ಕೆಟಲಿನಿಂದ ಸುತ್ತು ಹಾಕಿ ಸುರಿಯಬೇಕು, ಮೊದಲ ಮೂವತ್ತು ಸೆಕೆಂಡು ಪುಡಿ ಅರಳಲು ಬಿಡಬೇಕು. ಪುಡಿ ಅರಳುವಷ್ಟು ಹೊತ್ತು ಇವನೂ ಕಣ್ಣು ಮುಚ್ಚಿ ನಿಂತಿರುತ್ತಾನೆ. ಬೆಂಗಳೂರಿನಿಂದ ಅಷ್ಟೂ ಸಲಕರಣೆಯನ್ನು ಹೊತ್ತು ತಂದಿದ್ದ, ತನ್ನ ಸ್ವೆಟರ್ ಒಂದನ್ನು ಬಿಟ್ಟು. ಈಗ ಮೈಮೇಲಿದ್ದದ್ದು ಮೂರ್ತಿಯದು.

"93 ಡಿಗ್ರಿ ನೆನಪಿರುತ್ತದೆ, ನನ್ನ ಹುಟ್ಟುಹಬ್ಬ ನೆನಪಿರುವುದಿಲ್ಲ" ಎಂದರು ಪದ್ದಕ್ಕ. "ಎರಡನ್ನೂ ಮೊಬೈಲಿಗೆ ವಹಿಸಿದ್ದಾರೆ. ಹೋದ ವರ್ಷ ಮೊಬೈಲನ್ನೇ ಎಲ್ಲಿಟ್ಟೆ ಎಂದು ಮರೆತುಬಿಟ್ಟರು."

"ಹಾಗಾದರೆ ಆ ವರ್ಷ ನಿಮಗೆ ವಯಸ್ಸೇ ಆಗಲಿಲ್ಲ ಬಿಡಿ."

ಅಷ್ಟರಲ್ಲಿ ದೊಡ್ಡದೊಂದು ಅಲೆ ಬಂತು. ತಕ್ಕಡಿ ನಲವತ್ತನ್ನು ತೋರಿಸಿ, ಏನೋ ಅಪಚಾರವಾದ ಹಾಗೆ ಪರದೆ ಆರಿಸಿಕೊಂಡಿತು. ಬೀಜಗಳು ನೆಲದ ಮೇಲೆ ಓಡಿ ಹಲಗೆಯ ಸಂದಿ ಸೇರಿದವು.

ಮೂರ್ತಿಗೆ ಸಾಕಾಯಿತು. "ಶಾಮು, ಏಳು. ಸಮುದ್ರದ ಮೇಲೆ ಈ ಆಟ ನಡೆಯುವುದಿಲ್ಲ. ಇಲ್ಲಿ ಪಟ್ಟಿ ಬೇಕು."

ಪಟ್ಟಿ ಇತ್ತು. ಒಲೆಯ ಹಿಂದಿನ ಹಲಗೆಗೆ ಅಂಟಿಸಿದ್ದ, ಪ್ಲಾಸ್ಟಿಕ್ ಹೊದಿಸಿದ ಹಾಳೆ, ಹದಿನಾಲ್ಕು ಅಂಶ. ಮೂವತ್ತು ವರ್ಷ ಶಸ್ತ್ರಚಿಕಿತ್ಸೆ ಮಾಡಿದವನು ಕಾಫಿಯನ್ನು ಬೇರೆ ಹೇಗೆ ಮಾಡಬೇಕು? ಮೂರ್ತಿ ಕನ್ನಡಕ ಏರಿಸಿ, ಕೈ ತೊಳೆದು, ಗಟ್ಟಿಯಾಗಿ ಓದತೊಡಗಿದ. ಒಂದು, ಸಿಲಿಂಡರಿನ ತಿರುಪು ತೆರೆ. ಎರಡು, ಗ್ಯಾಸಿನ ಸ್ವಿಚ್ ಹಾಕು. ಮೂರು, ಒಲೆಯ ಅಗುಳಿ ತೆಗೆ. (ಈ ಒಲೆ ಎರಡು ತಿರುಗಣಿಗಳ ಮೇಲೆ ತೂಗುತ್ತದೆ. ಅಗುಳಿ ತೆಗೆದರೆ ದೋಣಿ ಎಷ್ಟೇ ವಾಲಲಿ, ಒಲೆ ನೆಟ್ಟಗಿರುತ್ತದೆ. ತೆಗೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೂರ್ತಿಯ ಎಡಗೈ ಮೇಲೆ ಒಂದು ಕಲೆ ಇದೆ.) ನಾಲ್ಕು, ಕಾಲಿನಿಂದ ತುಳಿಯುವ ಪಂಪಿನಲ್ಲಿ ನೀರು ತುಂಬು. ಹೀಗೆ ಸಾಗಿ, ಪಾತ್ರೆಗೆ ಹಿಡಿಕೆ ಬಿಗಿ, ಸೊಂಟಕ್ಕೆ ಪಟ್ಟಿ ಕಟ್ಟಿಕೋ, ಕೊನೆಗೆ ಹದಿನಾಲ್ಕು: ಸಿಲಿಂಡರಿನ ತಿರುಪು ಮುಚ್ಚು.

ಎಲ್ಲವನ್ನೂ ಓದಿ ಮೂರ್ತಿ ಕಡ್ಡಿ ಗೀರಿದ. ಒಲೆ ಹತ್ತಲಿಲ್ಲ.

"ಒಂದನೆಯ ಅಂಶ ಮಾಡಿದೆಯಾ?" ಎಂದೆ.

"ಓದಿದೆನಲ್ಲ."

"ಓದಿದೆ. ತಿರುಪು ಇಲ್ಲಿ ನನ್ನ ಕೆಳಗಿದೆ."

ಅಡುಗೆ ಗ್ಯಾಸು ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲ ಸಂದಿಯಲ್ಲಾದರೂ ಹೊರಗೆ ಹೋದೀತು. ದೋಣಿಯಲ್ಲಿ ಸೋರಿದರೆ ಬಟ್ಟಲಿಗೆ ನೀರು ಸುರಿದ ಹಾಗೆ ತಳದಲ್ಲಿ ಕೂರುತ್ತದೆ, ಒಂದು ಕಿಡಿಗಾಗಿ ಕಾಯುತ್ತದೆ. ಅದಕ್ಕೇ ಸಿಲಿಂಡರನ್ನು ಹೊರಗಡೆ, ಸಮುದ್ರಕ್ಕೆ ತೂತು ಬಿಟ್ಟ ಬೇರೆ ಪೆಟ್ಟಿಗೆಯಲ್ಲಿ ಇಡುತ್ತಾರೆ; ಪ್ರತಿ ಸಲ ತೆರೆದು ಪ್ರತಿ ಸಲ ಮುಚ್ಚಬೇಕು. ಆ ಪೆಟ್ಟಿಗೆಯ ಮುಚ್ಚಳವೇ ನನ್ನ ಆಸನ.

ಮೂರ್ತಿ ಏಣಿ ಹತ್ತಿ ಮೇಲೆ ಬಂದ. ಬಂದವನು ಮುಂದಿನ ಹಾಯಿ ಪಟಪಟ ಎನ್ನುವುದನ್ನು ಕಂಡು ಹಗ್ಗ ಬಿಗಿದ. ನಂತರ ನನ್ನ ಭುಜದ ಮೇಲಿನಿಂದ ನೋಡಿ, "ಬ್ರಾಂಬಲ್ ದಿಬ್ಬದ ಕಡೆಗೆ ಹೋಗುತ್ತಿದ್ದೀಯಲ್ಲೋ, ತಿರುಗಿಸು!" ಎಂದ. ತಿರುಗಿಸಿದೆವು. ಹಾಯಿ ಈ ಕಡೆಯಿಂದ ಆ ಕಡೆಗೆ ಬಂತು, ಪದ್ದಕ್ಕನವರ ನಿಂಬೆಹಣ್ಣು ಆ ಕಡೆಯಿಂದ ಈ ಕಡೆಗೆ ಬಂತು. "ಅಲ್ಲಿ ಮರಳಿನ ದಿಬ್ಬವಿದೆ. ವರ್ಷಕ್ಕೊಮ್ಮೆ ನೀರು ತೀರ ಇಳಿದಾಗ ಅದು ಮೇಲೇಳುತ್ತದೆ, ಎರಡು ಕ್ಲಬ್ಬಿನವರು ದೋಣಿಯಲ್ಲಿ ಬಂದು ಅದರ ಮೇಲೆ ಕ್ರಿಕೆಟ್ ಆಡುತ್ತಾರೆ" ಎಂದ ಮೂರ್ತಿ.

"ಸಮುದ್ರದ ನಡುವೆಯೇ? ಎಷ್ಟು ಹೊತ್ತು?" ಎಂದರು ಪದ್ದಕ್ಕ.

"ನೀರು ಮತ್ತೆ ಏರುವ ತನಕ. ಒಂದು ಗಂಟೆ ಎಂದಿಟ್ಟುಕೊಳ್ಳಿ."

"ಅಷ್ಟರಲ್ಲಿ ಪಂದ್ಯವೇ ಮುಗಿಯುತ್ತದೆ! ಇಲ್ಲಿ ಒಂದು ಲೋಟ ಕಾಫಿ ಆಗಲಿಲ್ಲ."

ಮೂರ್ತಿ ಸಮಾಧಾನದಿಂದ ಕೆಳಗಿಳಿದ. ಕಡ್ಡಿ ಗೀರಿದ. ಒಲೆ ಹತ್ತಲಿಲ್ಲ. ನಾನಿನ್ನೂ ಪೆಟ್ಟಿಗೆಯ ಮೇಲೆಯೇ ಕುಳಿತಿದ್ದೆ.

"ನಿನ್ನ ತಪ್ಪಲ್ಲ" ಎಂದು ಶಾಮು ಅವನನ್ನು ಸಂತೈಸಿದ. "ಅಮೆರಿಕದ ನೋಟ್ರ ಡೇಮ್ ವಿಶ್ವವಿದ್ಯಾಲಯದ ರಡ್ವಾನ್ಸ್ಕಿ ಎಂಬ ಮನಶ್ಶಾಸ್ತ್ರಜ್ಞ 2011ರಲ್ಲೇ ತೋರಿಸಿದ್ದಾರೆ. ಬಾಗಿಲು ದಾಟಿದ ಕೂಡಲೇ ಹಿಂದಿನ ಕೋಣೆಯ ಸಂಗತಿ ಮಸುಕಾಗುತ್ತದೆಯಂತೆ."

"ಅದಕ್ಕೆ ವಿಶ್ವವಿದ್ಯಾಲಯ ಬೇಕಿತ್ತೇ? ನಮ್ಮ ಮನೆಯ ದೇವರ ಕೋಣೆಗೂ ಅಡುಗೆಮನೆಗೂ ನಡುವೆ ದಿನಕ್ಕೆ ಹತ್ತು ಸಲ ಸಿದ್ಧವಾಗುತ್ತದೆ" ಎಂದೆ. "ಇಲ್ಲಂತೂ ಬಾಗಿಲಲ್ಲ, ಐದು ಮೆಟ್ಟಿಲ ಏಣಿ. ಮೆಟ್ಟಿಲಿಗೊಂದು ನೆನಪು ಉದುರಿದರೂ ಮೇಲೆ ತಲುಪುವಾಗ ಮನುಷ್ಯ ಆಗತಾನೇ ಹುಟ್ಟಿದ ಹಾಗಿರುತ್ತಾನೆ."

ಮೂರನೆಯ ಸಲ ನಾನೇ ಎದ್ದು ತಿರುಪು ತೆರೆದೆ. ಒಲೆ ಹತ್ತಿತು. ಮೂರ್ತಿಯ ಮೋಕಾ ಪಾತ್ರೆ, ಇಟಲಿಯವರು 1933ರಲ್ಲಿ ಕಂಡುಹಿಡಿದ ಅಲ್ಯೂಮಿನಿಯಂ ಯಂತ್ರ, ಬುಸುಗುಟ್ಟಿ, ಕೆಮ್ಮಿ, ಕೊನೆಗೆ ಸಿಳ್ಳಿನಂತಹ ಸದ್ದು ಮಾಡಿತು. ನಾಲ್ಕು ಮುಚ್ಚಳದ ಲೋಟಗಳು ಮೇಲೆ ಬಂದವು. ದೋಣಿಯ ಲೋಟಕ್ಕೆ ಮುಚ್ಚಳ ಇರಲೇಬೇಕು, ಅದರ ಸಣ್ಣ ಬಾಯಿಂದ ಹೀರಬೇಕು. ಒಳಗೇನಿದೆ ಎಂದು ಕಾಣಿಸುವುದಿಲ್ಲ.

ಮೊದಲು ಹೀರಿದವನು ಶಾಮು. ಕಣ್ಣು ಮುಚ್ಚಿದ. "ಸೌಮ್ಯವಾಗಿದೆ" ಎಂದ. "ಕಹಿ ಇಲ್ಲ, ಹುಳಿ ಇಲ್ಲ. ಬಹಳ ಸ್ವಚ್ಛವಾದ ರುಚಿ. ನುಂಗಿದ ಮೇಲೆ ನಾಲಗೆಯಲ್ಲಿ ಏನೂ ಉಳಿಯುವುದಿಲ್ಲ. ಯಾವ ತೋಟದ್ದು ಮೂರ್ತಿ?"

ನಾನು ಮುಚ್ಚಳ ತೆಗೆದು ನೋಡಿದೆ. "ಸೌತಾಂಪ್ಟನ್ನಿನ ನಲ್ಲಿಯದು" ಎಂದೆ.

ಪುಡಿಯೇ ಹಾಕಿರಲಿಲ್ಲ.

ಸ್ವಲ್ಪ ಹೊತ್ತು ಗಾಳಿಯ ಸದ್ದೊಂದೇ ಕೇಳಿಸಿತು. ಮೂರ್ತಿ ಕೆಳಗೆ ಹೋಗಿ ಹದಿನಾಲ್ಕು ಅಂಶಗಳ ಮೇಲೆ ಬೆರಳಿಟ್ಟು ಓದಿಕೊಂಡು ಬಂದ. "ಪಟ್ಟಿಯ ಪ್ರಕಾರ ಎಲ್ಲ ಸರಿಯಾಗಿಯೇ ಆಗಿದೆ" ಎಂದ. "ಪುಡಿ ಅದರಲ್ಲಿ ಇಲ್ಲ. ಅದನ್ನು ಯಾರಾದರೂ ಮರೆಯುತ್ತಾರೆಯೇ ಎಂದು ಬರೆದಿರಲಿಲ್ಲ."

"ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆ ಒಂದು ಪಟ್ಟಿ ತಂದಿತ್ತಲ್ಲ, ನೀನೇ ಹೇಳುತ್ತಿದ್ದೆ?"

"2008ರಲ್ಲಿ. ಹತ್ತೊಂಬತ್ತು ಅಂಶ."

"ಅದರಲ್ಲಿ ಮೊದಲನೆಯದು ಏನು?"

"ರೋಗಿ ಯಾರು, ಏನು ಮಾಡಬೇಕು ಎಂದು ರೋಗಿಯಿಂದಲೇ ಖಚಿತಪಡಿಸಿಕೊಳ್ಳುವುದು."

"ನಿನ್ನ ಪಟ್ಟಿಯಲ್ಲಿ ಎಲ್ಲ ಇದೆ ಮೂರ್ತಿ. ಅರಿವಳಿಕೆ ಇದೆ, ಹೊಲಿಗೆ ಇದೆ. ರೋಗಿ ಮಾತ್ರ ಇನ್ನೂ ಮನೆಯಲ್ಲೇ ಇದ್ದಾನೆ."

ಪದ್ದಕ್ಕ ನಿಂಬೆಹಣ್ಣು ಬಿಟ್ಟು ನಕ್ಕರು. ಶಾಮು ನಗಲಿಲ್ಲ, ಬಿಸಿನೀರನ್ನು ಹೊಗಳಿದವನಿಗೆ ನಗು ಬೇಗ ಬರುವುದಿಲ್ಲ.

"ಈ ಪಾತ್ರೆಗೆ ಹೆಸರು ಬಂದದ್ದೇ ಯೆಮನ್ ದೇಶದ ಮೋಕಾ ಬಂದರಿನಿಂದ" ಎಂದ, ಮಾತು ತಿರುಗಿಸಲು. "ಬಾಬಾ ಬುಡನ್ ಕಾಫಿ ಬೀಜ ತಂದದ್ದೂ ಅಲ್ಲಿಂದಲೇ ಎನ್ನುತ್ತಾರೆ. ಏಳೇ ಬೀಜ."

"ಅವರ ಹತ್ತಿರ ಪಟ್ಟಿ ಇರಲಿಲ್ಲ" ಎಂದೆ. "ಇದ್ದಿದ್ದರೆ ಚಾಪೆ, ಚೊಂಬು, ಕೊಡೆ ಎಲ್ಲವನ್ನೂ ಜ್ಞಾಪಕವಾಗಿ ತಂದು, ಚಂದ್ರಗಿರಿ ಬೆಟ್ಟ ಹತ್ತಿದ ಮೇಲೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಚಿಕ್ಕಮಗಳೂರಿನವರು ಇವತ್ತಿಗೂ ಮಜ್ಜಿಗೆ ಕುಡಿದುಕೊಂಡು ಇರಬೇಕಾಗಿತ್ತು."

ಪದ್ದಕ್ಕ ಎದ್ದರು. "ಸರಿಯಿರಿ. ನಾನು ಮಾಡುತ್ತೇನೆ. ಮೈಸೂರಿನ ಪುಡಿ ನನ್ನ ಚೀಲದಲ್ಲಿದೆ."

"ಅದರಲ್ಲಿ ಚಿಕೋರಿ ಇದೆ!" ಎಂದ ಶಾಮು, ಹಾವು ಕಂಡವನ ಹಾಗೆ.

"ಇರಲಿ. ನೆಪೋಲಿಯನ್ ಇಂಗ್ಲೆಂಡಿನ ಹಡಗುಗಳಿಗೆ ಯೂರೋಪಿನ ಬಂದರುಗಳನ್ನು ಮುಚ್ಚಿಸಿದಾಗ ಫ್ರಾನ್ಸಿನವರಿಗೆ ಕಾಫಿ ಸಿಗದೆ ಚಿಕೋರಿ ಬೇರು ಹುರಿದು ಕುಡಿದರು" ಎಂದೆ. "ಅದಕ್ಕೂ ಮೊದಲು, 1799ರಲ್ಲಿ, ಅದೇ ನೆಪೋಲಿಯನ್ ಟಿಪ್ಪುವಿಗೆ ನೆರವಿಗೆ ಬರುತ್ತೇನೆಂದು ಕಾಗದ ಬರೆದಿದ್ದ. ಸೈನ್ಯ ಬರಲಿಲ್ಲ. ಮೈಸೂರಿಗೆ ಬಂದದ್ದು ಚಿಕೋರಿ ಒಂದೇ. ಸಿಕ್ಕಿದ್ದನ್ನು ಬಿಡಬಾರದು."

ಕೆಳಗೆ ಪಾತ್ರೆ ತೊಳೆಯುವ ಸದ್ದು. ಗಾಳಿ ಸ್ವಲ್ಪ ಇಳಿದಿತ್ತು, ದೋಣಿ ನೆಟ್ಟಗಾಗಿತ್ತು. ದೂರದಲ್ಲಿ ಸರಕಿನ ಪೆಟ್ಟಿಗೆಗಳನ್ನು ಮಹಡಿ ಮಹಡಿಯಾಗಿ ಹೊತ್ತ ಹಡಗೊಂದು ಸೌತಾಂಪ್ಟನ್ ಕಡೆಗೆ ಸದ್ದಿಲ್ಲದೆ ಹೋಗುತ್ತಿತ್ತು.

"ಅದರಲ್ಲೂ ನಮ್ಮ ಕಾಫಿ ಇದ್ದೀತು" ಎಂದ ಮೂರ್ತಿ. "ಈಗ ಕೆಲವು ವಾರದಲ್ಲಿ ಬರುತ್ತದೆ. ಹಾಯಿಹಡಗಿನ ಕಾಲದಲ್ಲಿ ಆಫ್ರಿಕಾ ಸುತ್ತಿಕೊಂಡು ತಿಂಗಳುಗಟ್ಟಲೆ ಬರುತ್ತಿತ್ತು. ಮರದ ಹಡಗಿನ ಹೊಟ್ಟೆಯಲ್ಲಿ ಉಪ್ಪುಗಾಳಿ, ತೇವ ಎಲ್ಲ ಕುಡಿದು ಹಸಿರು ಬೀಜ ಊದಿಕೊಂಡು ಹಳದಿಯಾಗುತ್ತಿತ್ತು, ಹುಳಿ ಹೋಗುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿಹಡಗು ಬಂತು, ಬೀಜ ಹಸಿರಾಗಿಯೇ ತಲುಪಿತು. ಇಲ್ಲಿನವರು ಕುಡಿದು ಮುಖ ಸಿಂಡರಿಸಿದರು. 'ಇದು ನಮ್ಮ ಕಾಫಿ ಅಲ್ಲ' ಎಂದರು."

"ಅದಕ್ಕೇ ಮಂಗಳೂರಿನ ಗೋದಾಮುಗಳಲ್ಲಿ ಈಗಲೂ ಬೀಜ ಹರವಿ ಮಳೆಗಾಲದ ಗಾಳಿಗೆ ಬಿಡುತ್ತಾರೆ" ಎಂದ ಶಾಮು. ಅವನಿಗೆ ಜೀವ ಬಂದಿತ್ತು. "ಮಾನ್ಸೂನ್ಡ್ ಮಲಬಾರ್. ಮೂರು ನಾಲ್ಕು ತಿಂಗಳು."

"ಎಂದರೆ ಹಡಗು ಹತ್ತದೆಯೇ ಹಡಗಿನ ಪ್ರಯಾಣ ಮಾಡಿಸುತ್ತಾರೆ" ಎಂದೆ.

ಮೂರ್ತಿ ತನ್ನ ಕೈ ನೋಡಿಕೊಂಡ. "ನಾನು ಬಂದು ನಲವತ್ತು ವರ್ಷವಾಯಿತು. ಶಿವಮೊಗ್ಗಕ್ಕೆ ಹೋದಾಗ ನನ್ನ ಮಾತು ಕೇಳಿ ಅಂಗಡಿಯವನು ಯಾವ ಊರು ಎನ್ನುತ್ತಾನೆ. ಇಲ್ಲಿಯವರೂ ಅದನ್ನೇ ಕೇಳುತ್ತಾರೆ."

"ಹಳದಿಯಾಗಿದ್ದೀಯೆ ಮೂರ್ತಿ, ಊದಿಕೊಂಡೂ ಇದ್ದೀಯೆ" ಎಂದೆ. "ಹುಳಿ ಮಾತ್ರ ಹೋಗಿಲ್ಲ."

ಅವನು ನಗಲು ಬಾಯಿ ತೆರೆದಾಗ ಕೆಳಗಿನಿಂದ ಪದ್ದಕ್ಕ ಕರೆದರು. "ಮೂರ್ತಿಗಳೇ, ನಿಮ್ಮ ಪಟ್ಟಿ ಬಿಟ್ಟುಕೊಂಡು ಬಂತು."

ಹಬೆ ಹೊಡೆದು ಅಂಟು ಕರಗಿತ್ತು. ಹಾಳೆ ಒಲೆಯ ಹಿಂದಿನಿಂದ ಜಾರಿ ಪದ್ದಕ್ಕನವರ ಕೈಗೆ ಬಂದಿತ್ತು. ಅದು ಮುಚ್ಚಿದ್ದ ಮರದ ಹಲಗೆಯ ಮೇಲೆ, ಪೆನ್ಸಿಲಿನಲ್ಲಿ, ದುಂಡಗಿನ ಕನ್ನಡ ಅಕ್ಷರಗಳು. ನಾವು ಮೂವರೂ ಏಣಿಯ ಬಾಯಿಂದ ಬಗ್ಗಿ ನೋಡಿದೆವು. ಚುಕ್ಕಾಣಿಯನ್ನು ಯಾರು ಹಿಡಿದಿದ್ದರು ಎಂದು ಕೇಳಬೇಡಿ.

'ಪುಡಿ ಹಾಕಿದಿರಾ?'

"ಸುಮತಿಯ ಅಕ್ಷರ" ಎಂದ ಮೂರ್ತಿ. ಸ್ವಲ್ಪ ತಡೆದು, "ಅವಳ ಮೊಣಕಾಲು ಏಣಿ ಇಳಿಯುವುದಿಲ್ಲ ಎಂದು ಬರುವುದು ನಿಲ್ಲಿಸಿ ಮೂರು ವರ್ಷವಾಯಿತು. ಆಮೇಲೆಯೇ ನಾನು ಪಟ್ಟಿ ಮಾಡಿ ಅಂಟಿಸಿದ್ದು. ಇದರ ಮೇಲೆಯೇ ಅಂಟಿಸಿದ್ದೇನೆ, ನೋಡಿರಲಿಲ್ಲ" ಎಂದ.

ನನಗೂ ಆಗ ಹೇಳಲು ಏನೂ ತೋಚಲಿಲ್ಲ. ಪದ್ದಕ್ಕ ಮಾತ್ರ, "ಹಾಕಿದ್ದೇನೆ ಸುಮತಿ" ಎಂದು ಹಲಗೆಗೆ ಉತ್ತರ ಕೊಟ್ಟು ಒಲೆ ಹಚ್ಚಿದರು.

ಕಾಫಿ ಕಪ್ಪಗೆ, ಗಟ್ಟಿಯಾಗಿ, ಚಿಕೋರಿಯ ವಾಸನೆಯೊಂದಿಗೆ ಬಂತು. ಎಷ್ಟು ಗ್ರಾಂ ಎಂದು ಯಾರೂ ಕೇಳಲಿಲ್ಲ. ಶಾಮು ಎರಡು ಲೋಟ ಕುಡಿದ, ಕಣ್ಣು ಮುಚ್ಚಲಿಲ್ಲ. ಮೂರ್ತಿ ತನ್ನ ಪಾಲಿನಲ್ಲಿ ಅರ್ಧವನ್ನು ಸಣ್ಣ ಫ್ಲಾಸ್ಕಿಗೆ ಸುರಿದು, ಮುಚ್ಚಳ ಬಿಗಿದು, "ಅವಳಿಗೆ" ಎಂದು ಮೂಲೆಯಲ್ಲಿ ಭದ್ರವಾಗಿಟ್ಟ.

ಸಂಜೆ ಹ್ಯಾಂಬಲ್‌ಗೆ ಮರಳಿ, ದೋಣಿ ಕಟ್ಟಿ, ಹಾಯಿ ಮಡಿಸಿ, ಸಿಲಿಂಡರಿನ ತಿರುಪನ್ನು ಎರಡೆರಡು ಸಲ ನೋಡಿ, ಬೀಗ ಹಾಕಿ, ಉದ್ದನೆಯ ಮರದ ಹಾದಿ ನಡೆದು ಕಾರಿನ ಹತ್ತಿರ ಬಂದೆವು. ಮೂರ್ತಿ ಕೀಲಿ ತಿರುಗಿಸಿದ. ತಿರುಗಿಸಿದವನು ಹಾಗೆಯೇ ಕುಳಿತ.

"ಫ್ಲಾಸ್ಕ್" ಎಂದ.

ಯಾರೂ ಏನೂ ಅನ್ನಲಿಲ್ಲ. ಅವನು ಇಳಿದು ಮರದ ಹಾದಿಯ ಮೇಲೆ ವಾಪಸು ನಡೆದ. ಅರ್ಧ ದಾರಿ ಹೋಗಿ ನಿಂತು, ಜೇಬು ತಡಕಿದ. ದೋಣಿಯ ಬೀಗದ ಕೈ ನನ್ನ ಹತ್ತಿರ ಇತ್ತು.