ವೀಕ್ಷಕ ವಿವರಣೆ: ಇಲ್ಲಿ ವೀಕ್ಷಕ ಯಾರು?

ಒಂದು ಅನುವಾದದ ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಬೇರೆ ದೇಶದಲ್ಲಿ ನಡೆಯುವ ಆಟ ನಮ್ಮ ಟಿವಿಗೆ ಹೇಗೆ ಬರುತ್ತದೆ ಅಂತ ವಿವರಿಸುವ ಲೇಖನ ಅದು. ಅದರಲ್ಲಿ ಒಂದು ಸಾಲು: ಹೋಸ್ಟ್ ಬ್ರಾಡ್‌ಕಾಸ್ಟರ್ ವರ್ಲ್ಡ್ ಫೀಡ್ ಕೊಡುತ್ತದೆ, ಹಕ್ಕು ಕೊಂಡ ಚಾನೆಲ್‌ಗಳು ಅದಕ್ಕೆ ತಮ್ಮ ಕಾಮೆಂಟರಿ ಸೇರಿಸಿಕೊಳ್ಳುತ್ತವೆ. ಹೋಸ್ಟ್ ಬ್ರಾಡ್‌ಕಾಸ್ಟರ್ ಅಂದರೆ ಮೈದಾನದಲ್ಲಿ ಚಿತ್ರ ಹಿಡಿಯುವವರು, ವರ್ಲ್ಡ್ ಫೀಡ್ ಅಂದರೆ ಅವರು ಎಲ್ಲ ದೇಶಗಳಿಗೂ ಕಳಿಸುವ ಚಿತ್ರ ಮತ್ತು ಸದ್ದು. ಬಾಯಲ್ಲಿ ಹೇಳುವಾಗ ಹೀಗೇ ಹೇಳುತ್ತೇವೆ, ಯಾರಿಗೂ ತೊಂದರೆ ಇಲ್ಲ. ಕನ್ನಡದಲ್ಲಿ ಬರೆಯಲು ಕೂತಾಗ ಹೋಸ್ಟ್‌ಗೆ 'ಆತಿಥೇಯ' ಎಂದೆ, ಅರ್ಥವೇ ಬೇರೆಯಾಯಿತು. ಫೀಡ್‌ಗೆ ಏನೂ ತೋಚಲಿಲ್ಲ. ಕಾಮೆಂಟರಿಗಾದರೂ ನಮ್ಮದೇ ಒಳ್ಳೆಯ ಪದ ಇದೆಯಲ್ಲ ಅಂತ 'ವೀಕ್ಷಕ ವಿವರಣೆ' ಎಂದು ನಿಶ್ಚಿಂತೆಯಿಂದ ಬರೆದೆ. ಬರೆದಮೇಲೆ ಮತ್ತೆ ಓದಿದರೆ, ನಿಜವಾದ ತೊಡಕು ಇರುವುದೇ ಅಲ್ಲಿ.

ಈ ಪದ ನನ್ನ ಕಿವಿಗೆ ಮೊದಲು ಬಿದ್ದದ್ದು ಕ್ರಿಕೆಟ್‌ನಿಂದ ಅಲ್ಲ, ದಸರಾದಿಂದ. ಜಂಬೂಸವಾರಿಯ ದಿನ ಅಜ್ಜಿ ಮೈಸೂರು ಆಕಾಶವಾಣಿ ಹಾಕಿಕೊಂಡು ಕೂರುತ್ತಿದ್ದರು. ಮಧ್ಯಾಹ್ನದಿಂದ ವೀಕ್ಷಕ ವಿವರಣೆ. ರೇಡಿಯೋದವರು "ಇದೀಗ ಅಂಬಾರಿ ಹೊತ್ತ ಆನೆ ಬರುತ್ತಿದೆ" ಎನ್ನುತ್ತಿದ್ದರು. ಅಜ್ಜಿ ಮೊರದ ತುಂಬ ಅವರೆಕಾಯಿ ಸುಲಿಯುತ್ತಾ ಒಳಗಿದ್ದ ನಮಗೆ ಕೂಗಿ ಹೇಳುತ್ತಿದ್ದರು: "ಆನೆ ಬಂತಂತೆ!"

ಆ 'ಅಂತೆ'ಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನೋಡಿದವನು 'ಬಂತು' ಅನ್ನುತ್ತಾನೆ. ಕೇಳಿದವನು 'ಬಂತಂತೆ' ಅನ್ನುತ್ತಾನೆ. ಕನ್ನಡದಲ್ಲಿ ಈ ಗೆರೆಯನ್ನು ಮಕ್ಕಳೂ ತಪ್ಪಿ ದಾಟುವುದಿಲ್ಲ. ರೇಡಿಯೋ ಕಾಲದಲ್ಲಿ ವೀಕ್ಷಕ ವಿವರಣೆ ಎಂಬ ಪದ ಕೂತಿದ್ದದ್ದು ಸರಿಯಾಗಿ ಈ ಗೆರೆಯ ಮೇಲೆ. ಮನೆಯಲ್ಲಿರುವವರೆಲ್ಲ ಕೇಳುಗರು, ಜಾಗದಲ್ಲಿ ಇರುವ ಒಬ್ಬನೇ ವೀಕ್ಷಕ. ಅವನು ಕೊಡುವ ವಿವರಣೆ, ಅಂದರೆ ವೀಕ್ಷಕನ ವಿವರಣೆ. ಷಷ್ಠೀ ಸಮಾಸ, ಮುಗೀತು.

ಟಿವಿ ಬಂದಮೇಲೆ 'ವೀಕ್ಷಕ' ಪದ ಮೈಕಿನ ಆ ಕಡೆಯಿಂದ ಈ ಕಡೆಗೆ ಜಿಗಿಯಿತು. ಈಗ "ಪ್ರಿಯ ವೀಕ್ಷಕರೇ" ಅಂದರೆ ಸೋಫಾದ ಮೇಲೆ ಕೂತ ನಾವು. ಹಾಗಾಗಿ ಇವತ್ತಿನ ಹುಡುಗರನ್ನು ಕೇಳಿ ನೋಡಿ, ವೀಕ್ಷಕ ವಿವರಣೆ ಅಂದರೆ 'ವೀಕ್ಷಕರಿಗೆ ಕೊಡುವ ವಿವರಣೆ' ಅನ್ನುತ್ತಾರೆ. ನಾನು ಮನೆಯಲ್ಲೇ ಇಬ್ಬರನ್ನು ಕೇಳಿದೆ, ಇಬ್ಬರೂ ಹಾಗೇ ಅಂದರು. ಷಷ್ಠಿಯ 'ನ' ಸದ್ದಿಲ್ಲದೆ ಚತುರ್ಥಿಯ 'ಗೆ' ಆಗಿದೆ. ಪದದಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ.

ಕರಾವಳಿಯವರು ಇಲ್ಲಿ ತಕರಾರು ತೆಗೆಯಬಹುದು. ಕಂಬಳದಲ್ಲಿ, ಊರ ಕಬಡ್ಡಿಯಲ್ಲಿ ಮೈಕ್ ಹಿಡಿದು ಒಂದೇ ಉಸಿರಿಗೆ ಹೇಳುತ್ತಾ ಹೋಗುವವರೂ ವೀಕ್ಷಕ ವಿವರಣೆಗಾರರೇ. ಅಲ್ಲಿ ಹೇಳುವವರೂ ನೋಡುತ್ತಿದ್ದಾರೆ, ಕೇಳುವವರೂ ನೋಡುತ್ತಿದ್ದಾರೆ. ಎರಡು ಅರ್ಥವೂ ಒಟ್ಟಿಗೆ ನಡೆಯುತ್ತದೆ. ಆದರೆ ಅಲ್ಲಿ ಜಗಳವೇ ಇಲ್ಲ, ಏಕೆಂದರೆ ಎಲ್ಲರೂ ಇರುವುದು ಒಂದೇ ಗದ್ದೆಯ ಬದುವಿನ ಮೇಲೆ.

ಜಗಳ ಇರುವುದು ದೂರದ ಆಟದಲ್ಲಿ. ಅದು ನಮ್ಮ ಮನೆಗೆ ಬರುವ ಬಗೆ ಹೀಗೆ. ಮೈದಾನದ ಮುಖ್ಯ ಕ್ಯಾಮೆರಾಗಳೆಲ್ಲ ಒಂದೇ ತಂಡದ, ಅಂದರೆ ಹೋಸ್ಟ್ ಬ್ರಾಡ್‌ಕಾಸ್ಟರ್‌ನ ಕೈಯಲ್ಲಿರುತ್ತವೆ. ಹೊರಗೆ ನಿಂತ ಓಬಿ ವ್ಯಾನ್ ಎಂಬ ಪ್ರಸಾರದ ವಾಹನದಲ್ಲಿ ನಿರ್ದೇಶಕರು ಕೂತು ಯಾವ ಕ್ಯಾಮೆರಾ ಯಾವಾಗ ಅಂತ ಆರಿಸುತ್ತಾರೆ. ರೀಪ್ಲೇ ಅಲ್ಲೇ ಸೇರುತ್ತದೆ. ಮೈದಾನದ ಸದ್ದು, ಅಂದರೆ ಜನರ ಗದ್ದಲ, ಬ್ಯಾಟಿನ ಟಕ್, ಸ್ಟಂಪ್ ಮೈಕ್, ಇದೆಲ್ಲ ಯಾರ ಮಾತೂ ಬೆರೆಯದೆ ಬೇರೆಯಾಗಿಯೇ ಹೋಗುತ್ತದೆ. ಈ ಕಟ್ಟನ್ನು ದೇಶ ದೇಶದ ಚಾನೆಲ್‌ಗಳು ಪಡೆದು, ತಮ್ಮ ಮಾತು, ತಮ್ಮ ಲೋಗೋ, ತಮ್ಮ ಜಾಹೀರಾತು ಹಾಕಿ ಬಿಡುತ್ತವೆ. ಈಗೀಗ ಮೈದಾನದ ಅಂಚಿನ ಜಾಹೀರಾತು ಹಲಗೆಯೂ ದೇಶಕ್ಕೊಂದು ಥರ ಕಾಣುವಂತೆ ಚಿತ್ರದಲ್ಲೇ ಬದಲಿಸುವ ತಂತ್ರ ಬಂದಿದೆ. ಮೈದಾನದಲ್ಲಿ ಕೂತವನಿಗೆ ಕಾಣುವುದು ಒಂದು ಹಲಗೆ, ಟಿವಿ ಮುಂದೆ ಕೂತವನಿಗೆ ಕಾಣುವುದು ಇನ್ನೊಂದು. ಇನ್ನು ಯಾರು ವೀಕ್ಷಕ ಹೇಳಿ!

ನಮ್ಮ ಕಾಮೆಂಟರಿಯವರೂ ಎಷ್ಟೋ ಸಲ ಮೈದಾನದಲ್ಲಿ ಇರುವುದಿಲ್ಲ. 2018ರಲ್ಲಿ ಐಪಿಎಲ್ ಆರು ಭಾಷೆಗಳಲ್ಲಿ ಬಂತು, ಕನ್ನಡವೂ ಅದರಲ್ಲಿ ಇತ್ತು. ನಮಗೆಲ್ಲ ಹಬ್ಬವೋ ಹಬ್ಬ. ಆದರೆ ಇಂಥ ಪ್ರಸಾರಗಳಲ್ಲಿ ಪ್ರಾದೇಶಿಕ ಭಾಷೆಯವರು ಕೂರುವುದು ಹೆಚ್ಚಾಗಿ ಸ್ಟುಡಿಯೋದಲ್ಲಿ, ಎದುರಿಗೆ ಒಂದು ಪರದೆ ಇಟ್ಟುಕೊಂಡು. ಆ ಕಸುಬಿನವರು ಇದನ್ನು 'ಆಫ್ ಟ್ಯೂಬ್' ಅನ್ನುತ್ತಾರೆ. ಟ್ಯೂಬ್ ಅಂದರೆ ಹಳೇ ಟಿವಿಯ ಪಿಕ್ಚರ್ ಟ್ಯೂಬ್. ಚೆಂಡು ಥರ್ಡ್‌ಮ್ಯಾನ್ ಕಡೆ ಹೋದರೆ ಅಲ್ಲಿ ಫೀಲ್ಡರ್ ಇದ್ದಾನೋ ಇಲ್ಲವೋ, ಕ್ಯಾಮೆರಾ ಅತ್ತ ತಿರುಗುವ ತನಕ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. "ಗ್ಯಾಪ್‌ನಲ್ಲಿ ಹೋಗಿದೆ... ಅಲ್ಲಲ್ಲ, ಅಲ್ಲೊಬ್ಬರು ಇದ್ದಾರೆ" ಎಂಬ ತೊದಲು ಬರುವುದು ಇದಕ್ಕೇ. ಅವರ ತಪ್ಪಲ್ಲ ಅದು. ಅವರೂ ನಮ್ಮ ಹಾಗೆ ಟಿವಿ ವೀಕ್ಷಕರು. ಹೀಗಾಗಿ ಷಷ್ಠಿಯೂ ಸರಿ, ಚತುರ್ಥಿಯೂ ಸರಿ ಎಂಬಂತಾಗಿ, ಪದ ತಮಾಷೆಯಾಗಿ ಮತ್ತೆ ನಿಜವಾಗಿದೆ!

ಇದೇನೂ ಹೊಸ ಆಟ ಅಲ್ಲ. 1938ರಲ್ಲಿ ಆಸ್ಟ್ರೇಲಿಯಾ ತಂಡ ಇಂಗ್ಲೆಂಡ್‌ಗೆ ಹೋಗಿದ್ದಾಗ ಸಿಡ್ನಿಯ ಸ್ಟುಡಿಯೋದಲ್ಲಿ ಕೂತು ಕಾಮೆಂಟರಿ ಕೊಟ್ಟರು. ಚಿತ್ರ ಎಲ್ಲಿಂದ ಬರಬೇಕು? ಇಂಗ್ಲೆಂಡ್‌ನಿಂದ ತಂತಿ ಬರುತ್ತಿತ್ತು, ಓವರಿನಲ್ಲಿ ಏನೇನಾಯಿತು ಅಂತ ಚುಟುಕಾಗಿ. ಅದನ್ನು ಬಿಡಿಸಿ, ಬೆಳೆಸಿ, ಕಣ್ಣಾರೆ ಕಂಡವರ ಹಾಗೆ ಹೇಳುತ್ತಿದ್ದರು. ಬ್ಯಾಟಿಗೆ ಚೆಂಡು ತಾಗಿದ ಸದ್ದಿಗೆ ಪೆನ್ಸಿಲಿನಿಂದ ಮರಕ್ಕೆ ಟಕ್ ಅಂತ ಹೊಡೆಯುವುದು. ಚಪ್ಪಾಳೆಗೆ ಗ್ರಾಮೋಫೋನ್ ತಟ್ಟೆ. ರಾತ್ರಿಯೆಲ್ಲ ಜನ ನಿದ್ದೆಗೆಟ್ಟು ಕೇಳಿದರು. ಎಂಬತ್ತೆರಡು ವರ್ಷದ ಮೇಲೆ, 2020ರಲ್ಲಿ, ಯುಎಇಯ ಖಾಲಿ ಮೈದಾನಗಳಲ್ಲಿ ಐಪಿಎಲ್ ನಡೆದಾಗ ಪ್ರಸಾರಕ್ಕೆ ಜನರ ಗದ್ದಲವನ್ನು ಮೇಲಿಂದ ಸೇರಿಸಿದರಲ್ಲ, ಅದೂ ಆ ಗ್ರಾಮೋಫೋನ್ ತಟ್ಟೆಯ ಮೊಮ್ಮಗನೇ. ನಮ್ಮ ವ್ಯಾಕರಣದ ಪ್ರಕಾರ ಆ ಸಿಡ್ನಿಯವರು ಪ್ರತಿ ಸಾಲಿಗೂ 'ಅಂತೆ' ಹಚ್ಚಬೇಕಿತ್ತು. "ಬ್ರಾಡ್ಮನ್ ಫೋರ್ ಹೊಡೆದರಂತೆ." ಯಾರು ಕೇಳುತ್ತಿದ್ದರು ಅದನ್ನ?

ಈಗ 'ಆತಿಥೇಯ'ಕ್ಕೆ ಬರೋಣ. ಪತ್ರಿಕೆಗಳಲ್ಲಿ ಆತಿಥೇಯ ತಂಡ, ಆತಿಥೇಯ ರಾಷ್ಟ್ರ ಎಂದು ನಾವು ದಿನಾ ಓದುತ್ತೇವೆ. ಅದೇ ಜಾಡಿನಲ್ಲಿ 'ಆತಿಥೇಯ ಪ್ರಸಾರಕ' ಎಂದರೆ ಓದುಗರಿಗೆ ತಲೆಗೆ ಹೋಗುವುದು ಆ ದೇಶದ ಟಿವಿ. ಒಂದು ಕಾಲದಲ್ಲಿ ಅದು ನಿಜವೂ ಆಗಿತ್ತು. ವಿಂಬಲ್ಡನ್‌ಗೆ 2017ರ ತನಕ ಬಿಬಿಸಿಯೇ ಆ ಕೆಲಸ ಮಾಡುತ್ತಿತ್ತು. 2018ರಿಂದ ವಿಂಬಲ್ಡನ್‌ನವರು ತಮ್ಮದೇ ಪ್ರಸಾರ ವಿಭಾಗ ಮಾಡಿಕೊಂಡರು. ಒಲಿಂಪಿಕ್ಸ್‌ಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ (ಐಒಸಿ) 2001ರಲ್ಲಿ ತನ್ನದೇ ಸಂಸ್ಥೆ ಕಟ್ಟಿತು. ಅದರ ಕಚೇರಿ ಇರುವುದು ಮ್ಯಾಡ್ರಿಡ್‌ನಲ್ಲಿ. ಟೋಕಿಯೋದ ಚಿತ್ರವನ್ನೂ ಅವರೇ ಮಾಡಿದ್ದು, ಪ್ಯಾರಿಸ್‌ನದನ್ನೂ ಅವರೇ. 2022ರ ಫುಟ್‌ಬಾಲ್ ವಿಶ್ವಕಪ್ ನಡೆದದ್ದು ಕತಾರ್‌ನಲ್ಲಿ, ಅದರ ಚಿತ್ರ ಮಾಡಿದ್ದು ಸ್ವಿಟ್ಜರ್ಲೆಂಡಿನ ಕಂಪನಿ. ಇದಕ್ಕಿಂತ ಒಳ್ಳೆಯ ಗೋಜಲು ಬೇಕಾದರೆ ಕ್ರಿಕೆಟ್‌ನ 2025ರ ಚಾಂಪಿಯನ್ಸ್ ಟ್ರೋಫಿ ನೋಡಿ. ಆತಿಥೇಯ ಪಾಕಿಸ್ತಾನ. ಭಾರತದ ಪಂದ್ಯಗಳೆಲ್ಲ ದುಬೈನಲ್ಲಿ. ಚಿತ್ರ ಅಂತರರಾಷ್ಟ್ರೀಯ ಕ್ರಿಕೆಟ್ ಸಂಸ್ಥೆ ಐಸಿಸಿಯದು. ಇಲ್ಲಿ 'ಆತಿಥೇಯ ಪ್ರಸಾರಕ' ಎಂದು ಬರೆದು ಓದುಗರನ್ನು ಯಾವ ಮನೆಗೆ ಊಟಕ್ಕೆ ಕಳಿಸೋಣ? ನನಗೆ ಸದ್ಯ ಒಪ್ಪಿಗೆಯಾಗಿರುವುದು 'ಮೂಲ ಪ್ರಸಾರಕರು'. ಮನೆ ಯಾರದ್ದೋ ಇರಲಿ, ಅಡುಗೆ ಯಾರದ್ದು ಅನ್ನುವುದು ಇದರಲ್ಲಿ ತಿಳಿಯುತ್ತದೆ.

ಫೀಡ್ ಇನ್ನೂ ಕಷ್ಟ. ನಮ್ಮಲ್ಲಿ ಊಡು, ಊಡಿಸು ಎಂಬ ಒಳ್ಳೆಯ ಕ್ರಿಯಾಪದ ಇದೆ. ಮೊಲೆಯೂಡಿಸುವುದು ಅನ್ನುತ್ತೇವಲ್ಲ, ಅದೇ. ಹಾಗಂತ 'ಲೋಕದ ಊಡಿಕೆ' ಅಂದರೆ ಯಾರಿಗೂ ಟಿವಿ ನೆನಪಾಗುವುದಿಲ್ಲ, ಹಸುಗೂಸು ನೆನಪಾಗುತ್ತದೆ. ಕಾನೂನಿನವರು ಈ ಗೊಡವೆಗೇ ಹೋಗಿಲ್ಲ. 2007ರ ಕಾಯ್ದೆ ಒಂದಿದೆ. ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ಖಾಸಗಿ ಚಾನೆಲ್‌ನವರು ದೂರದರ್ಶನ, ಆಕಾಶವಾಣಿ ನಡೆಸುವ ಪ್ರಸಾರ ಭಾರತಿಗೂ ಕೊಡಬೇಕು, ತಮ್ಮ ಜಾಹೀರಾತು ತೆಗೆದು ಕೊಡಬೇಕು ಅಂತ. ಮಾತಿನಲ್ಲಿ ನಾವು ಕ್ಲೀನ್ ಫೀಡ್ ಅನ್ನುವುದನ್ನು ಅಲ್ಲಿ ಸಿಗ್ನಲ್ ಎಂದಿದ್ದಾರೆ. ಕನ್ನಡದಲ್ಲಿ ಅದು 'ಸಂಕೇತ'. ಆದರೆ ಸಂಕೇತ ಹಂಚುವುದು ಅಂದರೆ ಕಳ್ಳರು ಸನ್ನೆ ಮಾಡಿಕೊಂಡ ಹಾಗೆ ಕೇಳುತ್ತದೆ, ಅಲ್ವಾ?

ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಸರಿಸಮನಾದದ್ದು ಇದೆ. ಬೇಳೆ ಬೇಯಿಸಿ ಬಸಿದ ಕಟ್ಟು. ಉಪ್ಪು ಖಾರ ಹಾಕಿಲ್ಲ, ಒಗ್ಗರಣೆ ಕೊಟ್ಟಿಲ್ಲ. ಅದರಲ್ಲೇ ಒಬ್ಬರು ಸಾರು ಮಾಡುತ್ತಾರೆ, ಇನ್ನೊಬ್ಬರು ಮಗುವಿಗೆ ತುಪ್ಪ ಹಾಕಿ ಕೊಡುತ್ತಾರೆ. ಕ್ಲೀನ್ ಫೀಡ್ ಅಂದರೆ ಕಟ್ಟು, ಕಾಮೆಂಟರಿ ಅಂದರೆ ಒಗ್ಗರಣೆ ಎಂದು ನಮ್ಮವರಿಗೆ ವಿವರಿಸಿದಾಗ ತಕ್ಷಣ ಅರ್ಥವಾಯಿತು. ಲೇಖನದಲ್ಲಿ ಬರೆದರೆ ಸಂಪಾದಕರು ಬಿಡುವುದಿಲ್ಲ ಅಷ್ಟೇ. ಅಲ್ಲಿ 'ಮೂಲ ಪ್ರಸಾರ' ಎಂದು ಬರೆದು, ಮೊದಲ ಸಲ ಮಾತ್ರ "ಯಾರ ಮಾತೂ, ಜಾಹೀರಾತೂ ಸೇರದ" ಎಂದು ಜೊತೆಗೆ ಹೇಳಿದ್ದೇನೆ.

ಒಗ್ಗರಣೆ ಎಷ್ಟು ಮುಖ್ಯ ಅನ್ನುವುದಕ್ಕೆ 2021ರ ಆಗಸ್ಟ್ 7 ನೆನಪಾಗುತ್ತದೆ. ಟೋಕಿಯೋದಲ್ಲಿ ನೀರಜ್ ಚೋಪ್ರಾ ಎರಡನೇ ಎಸೆತ ಎಸೆದು, ಜಾವೆಲಿನ್ ಎಲ್ಲಿ ಬೀಳುತ್ತದೆ ಅಂತಲೂ ನೋಡದೆ ತಿರುಗಿ ಕೈ ಎತ್ತಿದರು. 87.58 ಮೀಟರ್. ಒಲಿಂಪಿಕ್ಸ್‌ನ ಮೂಲ ಪ್ರಸಾರ ಯಾರ ಪಕ್ಷವೂ ವಹಿಸಬಾರದು ಎಂಬುದು ನಿಯಮ. ಹಾಗಾಗಿ ಜೆಕ್ ದೇಶದವರೂ ಅದೇ ಬೆನ್ನು, ಅದೇ ಎತ್ತಿದ ಕೈ ನೋಡಿದರು. ಅವರ ಇಬ್ಬರು ಕೊನೆಗೆ ಎರಡು, ಮೂರನೇ ಸ್ಥಾನ ಪಡೆದರಲ್ಲ, ಅವರ ಟಿವಿಯ ದನಿ ಬೇರೆಯೇ ಇದ್ದಿರಬೇಕು. ನಮ್ಮನೆಯಲ್ಲಂತೂ ಅಪ್ಪ ಕುರ್ಚಿಯಿಂದ ಎದ್ದವರು ರಾಷ್ಟ್ರಗೀತೆ ಮುಗಿಯುವ ತನಕ ಕೂರಲಿಲ್ಲ.

ಸರಿ, ನನ್ನ ಪ್ರಶ್ನೆ. ಸ್ಟುಡಿಯೋದಲ್ಲಿ ಪರದೆ ನೋಡಿ ಹೇಳುವುದಕ್ಕೆ ಬೇರೆ ಪದ ಬೇಕೇ? ಗೆಳೆಯರೊಬ್ಬರು 'ಪರದೆ ವಿವರಣೆ' ಎಂದು ಸೂಚಿಸಿದರು. ಪರದೆ ಹಿಂದಿನ ವ್ಯವಹಾರದ ಹಾಗಿದೆ, ನನಗೆ ಹಿಡಿಸಲಿಲ್ಲ. ವೀಕ್ಷಕ ವಿವರಣೆಯನ್ನೇ ಇಟ್ಟುಕೊಂಡು, ಅಗತ್ಯ ಇದ್ದಲ್ಲಿ 'ಸ್ಟುಡಿಯೋದಿಂದ' ಎಂದು ಸೇರಿಸಿದರೆ ಸಾಕು ಅಂತ ನನ್ನ ಒಲವು. ಆಕಾಶವಾಣಿಯಲ್ಲಿ ಕೆಲಸ ಮಾಡಿದವರು, ಕಂಬಳದ ಮೈಕ್ ಹಿಡಿದವರು ಯಾರಾದರೂ ಇದ್ದರೆ, ಈ ಪದವನ್ನು ನೀವು ಷಷ್ಠಿಯಾಗಿ ಬಳಸುತ್ತಿದ್ದಿರೋ ಚತುರ್ಥಿಯಾಗಿಯೋ ದಯವಿಟ್ಟು ತಿಳಿಸಿ.

ಕೇಳಲು ಕಾರಣವೂ ಇದೆ. 2025ರ ಮಾರ್ಚ್ 9ರಂದು ನಮ್ಮಣ್ಣ ದುಬೈ ಮೈದಾನದಲ್ಲೇ ಕೂತಿದ್ದ. ನ್ಯೂಜಿಲೆಂಡ್ ಮೇಲೆ ಚಾಂಪಿಯನ್ಸ್ ಟ್ರೋಫಿ ಫೈನಲ್, ಕ್ರೀಸ್‌ನಲ್ಲಿ ನಮ್ಮ ಕೆ.ಎಲ್. ರಾಹುಲ್ ಮತ್ತು ಜಡೇಜಾ. ಇಲ್ಲಿ ನಾವು ಮೊಬೈಲಿನಲ್ಲಿ ಕನ್ನಡ ಕಾಮೆಂಟರಿ ಹಾಕಿಕೊಂಡು ನೋಡುತ್ತಿದ್ದೆವು. ಅಮ್ಮನ ಫೋನ್ ಅಣ್ಣನ ಕಡೆ ತೆರೆದೇ ಇತ್ತು. ಇದ್ದಕ್ಕಿದ್ದ ಹಾಗೆ ಅದರೊಳಗಿಂದ ಕೂಗು: "ಗೆದ್ವಿ ಕಣಮ್ಮಾ!" ನಮ್ಮ ಪರದೆಯಲ್ಲಿ ಬೌಲರ್ ಇನ್ನೂ ಚೆಂಡು ಉಜ್ಜಿಕೊಳ್ಳುತ್ತಿದ್ದ. ಕಾಮೆಂಟರಿಯವರು ಒತ್ತಡದ ಬಗ್ಗೆ ಗಂಭೀರವಾಗಿ ಮಾತಾಡುತ್ತಿದ್ದರು. ಅಮ್ಮ ಫೋನ್ ಕಿವಿಯಿಂದ ತೆಗೆದು, ಪರದೆ ಕಡೆ ನೋಡಿ, ನಮ್ಮೆಲ್ಲರಿಗೂ ಹೇಳಿದರು: "ಗೆದ್ರಂತೆ."

ಆಮೇಲೆ ಬೌಲರ್ ಓಡಿ ಬಂದ.